ಓದುಗರ ಪ್ರಶ್ನೆ: ಕಾರಿನ ತಂಪು ಪೆಟ್ಟಿಗೆಯಲ್ಲಿ ಏನಿಡಬಹುದು?

ಬೇಸಿಗೆ ಶುರುವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದವು: ಕಾರಿನ ತಂಪು ಗ್ಲೌ ಬಾಕ್ಸ್, ಅಂದರೆ ಡ್ಯಾಶ್‌ಬೋರ್ಡಿನಲ್ಲಿರುವ, ಎಸಿ ಗಾಳಿ ಬರುವ ಸಾಮಾನಿನ ಪೆಟ್ಟಿಗೆ. ಬಳ್ಳಾರಿಯಲ್ಲಿ ಕಾರುಗಳ ಎಸಿ ರಿಪೇರಿ ಮಾಡುವ ನನಗೆ ಇದು ಅಂಗಡಿಯಲ್ಲೂ ದಿನಾ ಎದುರಾಗುವ ಮಾತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ತೆಗೆದುಕೊಂಡಿದ್ದೇನೆ.

ಹೊಸ ಕಾರು ತೆಗೆದುಕೊಳ್ಳುತ್ತಿದ್ದೇವೆ. ಮೇಲಿನ ಮಾಡೆಲ್‌ನಲ್ಲಿ ತಂಪು ಗ್ಲೌ ಬಾಕ್ಸ್ ಇದೆ, ಫ್ರಿಜ್ ಇದ್ದ ಹಾಗೆಯೇ ಎಂದು ಶೋರೂಂನವರು ಹೇಳಿದರು. ಅದಕ್ಕೋಸ್ಕರ ಹೆಚ್ಚು ದುಡ್ಡು ಹಾಕಬಹುದೇ? (ಓದುಗರು, ಸಿಂಧನೂರು)

ಅದೊಂದಕ್ಕೋಸ್ಕರ ಹಾಕಬೇಡಿ. ಬೇರೆ ಅನುಕೂಲಗಳ ಜೊತೆಗೆ ಬಂದರೆ ಸಂತೋಷವಾಗಿ ಬಳಸಿ.

ಫ್ರಿಜ್ ಎಂಬ ಮಾತು ಸರಿಯಲ್ಲ. ಆ ಬಾಕ್ಸಿಗೆ ಬೇರೆ ಕಂಪ್ರೆಸರ್ ಇಲ್ಲ, ಬೇರೆ ಗ್ಯಾಸ್ ಇಲ್ಲ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ಮೇಲಿಂದ ಹಾದು ಬರುವ ಗಾಳಿಯಲ್ಲಿ ಸ್ವಲ್ಪವನ್ನು ಸಣ್ಣ ಪೈಪಿನಲ್ಲಿ ಬಾಕ್ಸಿಗೆ ತಿರುಗಿಸಿರುತ್ತಾರೆ, ಅಷ್ಟೇ. ಟಾಟಾ ಟಿಯಾಗೋ, ಫೋಕ್ಸ್‌ವ್ಯಾಗನ್ ಪೋಲೊ, ಇನ್ನೋವಾ ಕ್ರಿಸ್ಟಾದ ಮೇಲಿನ ಗ್ಲೌ ಬಾಕ್ಸ್, ಎಲ್ಲದರದ್ದೂ ಹೆಚ್ಚು ಕಡಿಮೆ ಇದೇ ಕಥೆ. ಎಸಿ ಓಡಿದರೆ ಬಾಕ್ಸಿಗೆ ತಂಪು, ಎಸಿ ನಿಂತರೆ ಅದೂ ನಿಂತಿತು. ಲ್ಯಾಂಡ್ ಕ್ರೂಸರ್‌ನಂಥ ದುಬಾರಿ ಗಾಡಿಗಳಲ್ಲಿ ಎರಡು ಸೀಟಿನ ನಡುವೆ ಕೊಡುವ ಕೂಲ್ ಬಾಕ್ಸ್ ಬೇರೆ ಜಾತಿಯದು, ಅದನ್ನು ಇದರ ಜೊತೆ ಹೋಲಿಸಬಾರದು.

ನಮ್ಮ ಅಂಗಡಿಯಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದುಂಟು. ಮೇ ತಿಂಗಳ ಮಧ್ಯಾಹ್ನ, ಹೊರಗೆ 41, 42 ಡಿಗ್ರಿ. ಎಸಿ ಚೆನ್ನಾಗಿರುವ ಗಾಡಿಯಲ್ಲಿ ಮುಂದಿನ ವೆಂಟ್‌ನಿಂದ 10 ಡಿಗ್ರಿ ಆಸುಪಾಸಿನ ಗಾಳಿ ಬರುವಾಗ ಬಾಕ್ಸಿನ ಒಳಗೆ 16, 18 ಸಿಗುತ್ತದೆ. ಹಾದಿಯಲ್ಲಿ ಪೈಪ್ ಬಿಸಿಯಾಗುತ್ತದೆ, ಬಾಕ್ಸಿನ ಬಾಗಿಲು ತೆಳುವಾದ ಪ್ಲಾಸ್ಟಿಕ್ಕಿನದು, ಅದಕ್ಕೇ ಈ ವ್ಯತ್ಯಾಸ. ಮನೆಯ ಫ್ರಿಜ್ ಇರುವುದು 4 ಡಿಗ್ರಿಯ ಹತ್ತಿರ. ಎರಡಕ್ಕೂ ಎಷ್ಟು ದೂರ ನೋಡಿ.

ಇನ್ನೊಂದು ವಿಷಯ. ಬೆಚ್ಚಗಿರುವ ನೀರಿನ ಬಾಟಲಿಯನ್ನು ಅದರಲ್ಲಿ ಇಟ್ಟು, ಅರ್ಧ ಗಂಟೆ ಬಿಟ್ಟು ತೆಗೆದು, ತಂಪಾಗಿಲ್ಲ ಎಂದು ಬೇಸರ ಮಾಡಿಕೊಂಡು ಅಂಗಡಿಗೆ ಬರುವವರಿದ್ದಾರೆ. ಒಂದು ಲೀಟರ್ ನೀರಿನ ಬಿಸಿಯನ್ನು ಆ ಸಣ್ಣ ಗಾಳಿ ಎಳೆಯಬೇಕಾದರೆ ಒಂದು ಗಂಟೆಗೂ ಹೆಚ್ಚು ಬೇಕು. ಮನೆಯ ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ನೇರವಾಗಿ ಅದರಲ್ಲಿಡಿ. ಸಿಂಧನೂರಿನಿಂದ ರಾಯಚೂರು ಮುಟ್ಟುವ ತನಕವೂ ಕುಡಿಯಲು ಹಿತವಾಗಿರುತ್ತದೆ. ಇರುವ ತಂಪನ್ನು ಕಾಯುವುದು ಅದರ ಕೆಲಸ. ಆ ಕೆಲಸವನ್ನು ಅದು ನಿಜಕ್ಕೂ ಚೆನ್ನಾಗಿ ಮಾಡುತ್ತದೆ.

ನಮ್ಮ ತಂದೆಯವರಿಗೆ 71 ವರ್ಷ, ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆ ತಪಾಸಣೆಗೆಂದು ಕಲಬುರಗಿಯಿಂದ ಬೆಂಗಳೂರಿಗೆ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇವೆ. ತಂಪು ಗ್ಲೌ ಬಾಕ್ಸಿನಲ್ಲಿ ಇನ್ಸುಲಿನ್ ಇಟ್ಟರೆ ಸಾಕೇ? (ಓದುಗರು, ಕಲಬುರಗಿ)

ದಯವಿಟ್ಟು ಅದೊಂದನ್ನೇ ನಂಬಬೇಡಿ. ನಮ್ಮ ಮನೆಯಲ್ಲಿ ಅಮ್ಮನಿಗೂ ಇನ್ಸುಲಿನ್ ಇದೆ. ಅದಕ್ಕೆ ಈ ಉತ್ತರ ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

ಗಾಡಿ ಓಡುತ್ತಿರುವಷ್ಟು ಹೊತ್ತು ತೊಂದರೆಯಿಲ್ಲ. ತೊಂದರೆ ಇರುವುದು ಗಾಡಿ ನಿಂತಾಗ. ನೀವು ಹತ್ತು ಹನ್ನೆರಡು ಗಂಟೆ ಪ್ರಯಾಣ ಮಾಡುತ್ತೀರಿ. ನಡುವೆ ಎಲ್ಲೋ ಡಾಬಾದಲ್ಲಿ ಊಟಕ್ಕೆ ನಿಲ್ಲಿಸುತ್ತೀರಿ, ಗಾಡಿ ಬಿಸಿಲಿಗೆ ನಿಂತಿರುತ್ತದೆ, ಗಾಜುಗಳು ಏರಿಸಿರುತ್ತವೆ. ಹೊರಗೆ 40 ಡಿಗ್ರಿ ಇದ್ದರೆ ಅರ್ಧ ಗಂಟೆಯೊಳಗೆ ಒಳಗೆ 55 ದಾಟುತ್ತದೆ. ಡ್ಯಾಶ್‌ಬೋರ್ಡ್ ಅದಕ್ಕಿಂತ ಹೆಚ್ಚು ಕಾಯುತ್ತದೆ, ಯಾಕೆಂದರೆ ಮುಂದಿನ ಗಾಜಿನ ಬಿಸಿಲು ನೇರ ಅದರ ಮೇಲೇ ಬೀಳುತ್ತದೆ. ನಿಮ್ಮ ತಂಪು ಬಾಕ್ಸ್ ಇರುವುದು ಸರಿಯಾಗಿ ಆ ಕಾದ ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿ. ಬೆಳಿಗ್ಗೆಯಿಂದ ಕಾಪಾಡಿದ ಔಷಧ ಒಂದು ಊಟದ ಹೊತ್ತಿನಲ್ಲಿ ಹಾಳಾಗಬಹುದು.

ಇನ್ಸುಲಿನ್ ಡಬ್ಬಿಯ ಮೇಲೆ ಬರೆದಿರುವುದನ್ನು ಒಮ್ಮೆ ಓದಿ. ಇನ್ನೂ ಬಳಕೆಗೆ ತೆಗೆಯದ ವಯಲ್ ಅಥವಾ ಪೆನ್ 2ರಿಂದ 8 ಡಿಗ್ರಿಯೊಳಗೆ, ಅಂದರೆ ಮನೆಯ ಫ್ರಿಜ್‌ನಲ್ಲಿ ಇರಬೇಕು. ಬಳಸಲು ಶುರು ಮಾಡಿದ್ದನ್ನು ಹೊರಗೆ ಇಟ್ಟುಕೊಳ್ಳಬಹುದು. ಬಹಳಷ್ಟು ಇನ್ಸುಲಿನ್‌ಗಳಿಗೆ 25ರಿಂದ 30 ಡಿಗ್ರಿ ಮೀರದಂತೆ ಸುಮಾರು 28 ದಿನ ಎಂದಿರುತ್ತದೆ. ನಿಮ್ಮದರ ಲೆಕ್ಕ ಅದರ ಚೀಟಿಯಲ್ಲೇ ಇದೆ. ಅಂದರೆ ಪ್ರಯಾಣದಲ್ಲಿ ಜೊತೆಗಿರುವ ಪೆನ್ನಿಗೆ ಹಿಮದಂಥ ತಂಪು ಬೇಕಿಲ್ಲ, ಬಿಸಿ ತಗಲದಿದ್ದರೆ ಸಾಕು. ಹಾಗೆಂದು ಮಂಜುಗಡ್ಡೆಗೆ ತಾಗಿಸಿಯೂ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ, ಎಸೆಯಬೇಕು.

ನಾವು ಮಾಡುವುದು ಹೀಗೆ. ಅಗಲ ಬಾಯಿಯ ಸ್ಟೀಲ್ ಥರ್ಮಾಸ್ ಇದೆ. ತಳದಲ್ಲಿ ಐಸ್ ಪ್ಯಾಕನ್ನು ಟವೆಲ್ ತುಂಡಿನಲ್ಲಿ ಎರಡು ಸುತ್ತು ಸುತ್ತಿ ಇಡುತ್ತೇವೆ. ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯೊಳಗೆ ಪೆನ್. ಮುಚ್ಚಳ ಬಿಗಿ ಮಾಡಿ ಅಮ್ಮನ ಕೈಚೀಲಕ್ಕೆ. ಗಾಡಿಯಿಂದ ಇಳಿದರೆ ಚೀಲವೂ ಅವರ ಜೊತೆಗೇ ಇಳಿಯುತ್ತದೆ. ಔಷಧ ಗಾಡಿಯಲ್ಲಿ ಉಳಿಯಬಾರದು ಎಂಬುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಗಾಡಿ ಓಡುವಾಗ ಬೇಕಾದರೆ ಆ ಥರ್ಮಾಸನ್ನೇ ತಂಪು ಬಾಕ್ಸಿನಲ್ಲಿಡಿ, ಐಸ್ ಇನ್ನಷ್ಟು ಹೊತ್ತು ಬಾಳುತ್ತದೆ. ಇಳಿಯುವಾಗ ಮರೆಯುವ ಭಯವಿದ್ದರೆ ಅದೂ ಬೇಡ.

ಮೆಡಿಕಲ್ ಅಂಗಡಿಗಳಲ್ಲಿ ನೀರಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳೂ ಸಿಗುತ್ತವೆ. ಒಳಗಿನ ಹರಳುಗಳು ನೀರು ಕುಡಿದು ಉಬ್ಬುತ್ತವೆ, ಆ ನೀರು ಮೆಲ್ಲಗೆ ಆವಿಯಾಗುತ್ತಾ ಒಳಗಿನದನ್ನು ತಂಪಾಗಿಡುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ಲೆಕ್ಕದಲ್ಲಿ. ನಿಮ್ಮ ಕಡೆಯ ಒಣ ಹವೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಗಾಳಿಯಾಡುವ ಜಾಗದಲ್ಲಿರಬೇಕು, ಮುಚ್ಚಿದ ಬಾಕ್ಸಿನೊಳಗೆ ತುರುಕಿದರೆ ಪ್ರಯೋಜನವಿಲ್ಲ.

ಕೊನೆಗೆ, ಬಿಸಿಗೆ ಸಿಕ್ಕ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇರಬಹುದು. ಬಣ್ಣ ನೋಡಿ ಚೆನ್ನಾಗಿದೆ ಎಂದುಕೊಳ್ಳಬೇಡಿ. ಪ್ರಯಾಣದ ನಂತರ ಕಾರಣವಿಲ್ಲದೆ ಸಕ್ಕರೆ ಏರುತ್ತಿದ್ದರೆ ಡಾಕ್ಟರಿಗೆ ಹೇಳಿ, ಹೊಸದನ್ನು ತೆರೆಯಿರಿ. ಒಂದು ಪೆನ್ನಿನ ದುಡ್ಡಿಗಿಂತ ತಂದೆಯವರ ಆರೋಗ್ಯ ದೊಡ್ಡದು.

ಸರ್ವಿಸ್‌ಗೆ ಬಿಟ್ಟು ತಂದ ಮೇಲೆ ನಮ್ಮ ಗ್ಲೌ ಬಾಕ್ಸ್ ತಂಪಾಗುತ್ತಿಲ್ಲ. ಎಸಿ ಚೆನ್ನಾಗಿದೆ. ಮೊದಲು ತಂಪಾಗುತ್ತಿದ್ದಾಗ ಒಳಗಿಟ್ಟ ಕಾಗದಗಳು ಒದ್ದೆಯಾಗುತ್ತಿದ್ದವು. (ಓದುಗರು, ಕುಮಟಾ)

ಮೊದಲು ಬಾಕ್ಸಿನ ಒಳಗೆ ಕೈಯಾಡಿಸಿ. ಗೋಡೆಯ ಒಂದು ಕಡೆ ಸಣ್ಣ ನಾಬ್ ಅಥವಾ ಜಾರಿಸುವ ಮುಚ್ಚಳ ಇರುತ್ತದೆ. ಒರೆಸುವಾಗ ಯಾರೋ ಮುಚ್ಚಿರಬಹುದು, ತಿರುಗಿಸಿ ನೋಡಿ.

ಅದು ತೆರೆದೇ ಇದ್ದರೆ ನನ್ನ ಅನುಮಾನ ಪೈಪಿನ ಮೇಲೆ. ಬಹಳಷ್ಟು ಗಾಡಿಗಳಲ್ಲಿ ಕ್ಯಾಬಿನ್ ಫಿಲ್ಟರ್ ಗ್ಲೌ ಬಾಕ್ಸಿನ ಹಿಂದಿದೆ. ಫಿಲ್ಟರ್ ಬದಲಿಸಲು ಬಾಕ್ಸ್ ಬಿಚ್ಚುತ್ತಾರೆ, ಆಗ ಹೆಬ್ಬೆರಳು ಗಾತ್ರದ ಸುಕ್ಕು ಸುಕ್ಕಾದ ಪೈಪ್ ಬಾಕ್ಸಿನಿಂದ ಕಳಚುತ್ತದೆ. ಮತ್ತೆ ಕೂರಿಸುವಾಗ ಆ ಪೈಪ್ ಸಿಕ್ಕಿಸಲು ಮರೆತರೆ ತಂಪು ಗಾಳಿ ಡ್ಯಾಶ್‌ಬೋರ್ಡಿನ ಒಳಗೇ ಹರಡಿಹೋಗುತ್ತದೆ. ಸರ್ವಿಸ್‌ಗೆ ಹೋಗಿ ಬಂದ ಗಾಡಿಗಳಲ್ಲಿ ನಾನು ಇದನ್ನು ಪದೇ ಪದೇ ನೋಡುತ್ತೇನೆ. ಬಾಕ್ಸ್ ಇಳಿಸಿ ಪೈಪ್ ಒತ್ತಿ ಕೂರಿಸಿದರೆ ಮುಗಿಯಿತು. ಗ್ಯಾಸ್ ತುಂಬಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವೆಂಟ್‌ನಲ್ಲಿ ತಂಪು ಬರುತ್ತಿರುವಾಗ ಬಾಕ್ಸಿಗೋಸ್ಕರ ಗ್ಯಾಸ್ ತುಂಬಿಸುವ ಮಾತೇ ಇಲ್ಲ.

ಕಾಗದ ಒದ್ದೆಯಾಗಿದ್ದು ಕರಾವಳಿಯ ಹವೆಯಿಂದ. ತಂಪಾದ ಬಾಕ್ಸಿನ ಬಾಗಿಲು ತೆರೆದ ಕೂಡಲೇ ಹೊರಗಿನ ತೇವದ ಗಾಳಿ ಒಳ ನುಗ್ಗಿ ಗೋಡೆಗೆ, ಬಾಟಲಿಗೆ ಹನಿಯಾಗಿ ಕೂರುತ್ತದೆ. ಬಾಟಲಿಗೆ ಬಟ್ಟೆ ಸುತ್ತಿ. ಆರ್‌ಸಿ, ವಿಮೆ ಕಾಗದಗಳನ್ನು ಬೇರೆ ಕಡೆ ಇಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ಪ್ರತಿಗಳಿಗೂ ಕಾನೂನಿನ ಮಾನ್ಯತೆ ಇದೆ. ಮಳೆಗಾಲದಲ್ಲಿ, ಹೀಟರ್ ಹಾಕುವಾಗ ನಾಬ್ ಮುಚ್ಚಿಬಿಡಿ. ಕಾಲಡಿಯ ಮ್ಯಾಟ್ ಕೂಡ ಒದ್ದೆಯಾಗುತ್ತಿದ್ದರೆ ಮಾತ್ರ ಅದು ಬೇರೆ ಕಾಯಿಲೆ: ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರುತ್ತದೆ. ಅದನ್ನು ಬೇಗ ತೋರಿಸಿ.

ಬೆಂಗಳೂರಿನ ಮಗಳಿಗೆ ಶಂಕರಪುರ ಮಲ್ಲಿಗೆ ಒಯ್ಯಬೇಕು. ತಂಪು ಬಾಕ್ಸಿನಲ್ಲಿ ಬಾಡದೆ ಇರುತ್ತದೆಯೇ? (ಓದುಗರು, ಕಾಪು)

ಇರುತ್ತದೆ, ಆದರೆ ಬಿಡಿಯಾಗಿ ಇಡಬೇಡಿ. ಎಸಿ ಗಾಳಿ ತಂಪಷ್ಟೇ ಅಲ್ಲ, ಒಣಗಾಳಿ ಕೂಡ. ಅಟ್ಟೆಯನ್ನು, ಅಂದರೆ ಕಟ್ಟಿದ ಹೂವಿನ ಕಟ್ಟನ್ನು, ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ತುಸು ತೇವದ ಬಟ್ಟೆ ಸುತ್ತಿ ಇಡಿ. ನೀರು ತೊಟ್ಟಿಕ್ಕಬಾರದು, ಎಸಳು ಕಂದುತ್ತದೆ. ಮೊಗ್ಗಿನಲ್ಲೇ ಕಟ್ಟಿಸಿ ಬೆಳಿಗ್ಗೆ ಬೇಗ ಹೊರಡಿ.

ಹೊಸಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಹಂಪಿಗೆ ಬರುವ ಪ್ರವಾಸಿಗರಿಗೆ ತಂಪು ನೀರು ಕೊಡಬೇಕೆಂದು 12 ವೋಲ್ಟ್ ಸಾಕೆಟ್‌ಗೆ ಹಾಕುವ ಸಣ್ಣ ಫ್ರಿಜ್ ನೋಡಿದ್ದೇನೆ. ತೆಗೆದುಕೊಳ್ಳಲೇ? (ಓದುಗರು, ಹೊಸಪೇಟೆ)

ಹಂಪಿಯ ಬಿಸಿಲಿನಲ್ಲಿ ಬಂಡೆಗಳ ನಡುವೆ ತಿರುಗಿ ಬಂದವರ ಕೈಗೆ ತಂಪು ನೀರು ಕೊಡಬೇಕೆಂದು ನೀವು ಯೋಚಿಸಿದ್ದೇ ನನಗೆ ಖುಷಿ ಕೊಟ್ಟಿತು. ಆದರೆ ಆ ಅಗ್ಗದ ಫ್ರಿಜ್ ನಿಮ್ಮ ಕೆಲಸಕ್ಕೆ ಆಗಿಬರುವುದಿಲ್ಲ.

ಅದು ಪೆಲ್ಟಿಯರ್ ತಂತ್ರದ್ದು. ಎರಡು ಬೇರೆ ಬೇರೆ ಲೋಹಗಳ ಬೆಸುಗೆಯಲ್ಲಿ ಕರೆಂಟ್ ಹರಿದರೆ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿಯಾಗುತ್ತದೆ ಎಂದು ಫ್ರಾನ್ಸಿನ ಜೀನ್ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡರು. ಈಗಿನ ಪೆಟ್ಟಿಗೆಗಳಲ್ಲಿ ಲೋಹದ ಬದಲು ಸೆಮಿಕಂಡಕ್ಟರ್ ಬಿಲ್ಲೆ ಇದೆ. ಕರೆಂಟ್ ಹರಿಯುವ ದಿಕ್ಕು ತಿರುಗಿಸಿದರೆ ಅದೇ ಪೆಟ್ಟಿಗೆ ಬಿಸಿ ಮಾಡುತ್ತದೆ, ಅದಕ್ಕೇ ಅದರ ಮೇಲೆ ಕೆಂಪು ಮತ್ತು ಹಸಿರು ದೀಪದ ಸ್ವಿಚ್ ಕೊಟ್ಟಿರುತ್ತಾರೆ. ಇಂಥ ಪೆಟ್ಟಿಗೆ ಸುತ್ತಲಿನ ಬಿಸಿಗಿಂತ 15ರಿಂದ 20 ಡಿಗ್ರಿ ಇಳಿಸಬಲ್ಲದು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಲಾಗದು. ವಿಜಯ ವಿಠ್ಠಲ ದೇವಸ್ಥಾನ ನೋಡಲು ಹೋದವರು ದೂರದಲ್ಲೇ ಇಳಿದು ಬ್ಯಾಟರಿ ಗಾಡಿ ಹತ್ತುತ್ತಾರೆ, ನಿಮ್ಮ ಕಾರು ಪಾರ್ಕಿಂಗ್‌ನಲ್ಲಿ ಎರಡು ಮೂರು ಗಂಟೆ ನಿಲ್ಲುತ್ತದೆ. ಒಳಗೆ 55 ಡಿಗ್ರಿ ಆದಾಗ ಅದರ ಪೂರ್ತಿ ಶಕ್ತಿಯೆಂದರೂ 35. ಆ ನೀರನ್ನು ಅತಿಥಿಗೆ ಹೇಗೆ ಕೊಡುತ್ತೀರಿ?

ಬ್ಯಾಟರಿಯನ್ನೂ ನೋಡಿ. 48 ವ್ಯಾಟ್‌ನ ಪೆಟ್ಟಿಗೆ 4 ಆಂಪಿಯರ್ ಎಳೆಯುತ್ತದೆ. ಇಂಜಿನ್ ಆಫ್ ಇದ್ದು ನಾಲ್ಕು ಗಂಟೆ ಓಡಿದರೆ 16 ಆಂಪಿಯರ್ ಅವರ್ ಖಾಲಿ. ಸಣ್ಣ ಪೆಟ್ರೋಲ್ ಕಾರಿನ 35ರ ಬ್ಯಾಟರಿಗೆ ಇದು ಅರ್ಧದ ಹತ್ತಿರ. ಬ್ಯಾಟರಿ ಹಳೆಯದಾಗಿದ್ದರೆ ಸಂಜೆ ಸೆಲ್ಫ್ ಎಳೆಯುವುದಿಲ್ಲ. ಕಂಪ್ರೆಸರ್ ಇರುವ ಕಾರ್ ಫ್ರಿಜ್ ಚೆನ್ನಾಗಿ ತಂಪು ಮಾಡುತ್ತದೆ, ಬಹಳಷ್ಟರಲ್ಲಿ ಬ್ಯಾಟರಿ ಇಳಿದರೆ ತಾನೇ ಆಫ್ ಆಗುವ ಏರ್ಪಾಡೂ ಇರುತ್ತದೆ. ಆದರೆ ಬೆಲೆ ಜಾಸ್ತಿ. ಒಂದು ಕಾರಿನ ದುಡಿಮೆಯಲ್ಲಿ ಅದು ಹೊರೆ ಎಂದೇ ನನ್ನ ಅಭಿಪ್ರಾಯ.

ನನ್ನ ಮಾತು ಕೇಳುವುದಾದರೆ ದಪ್ಪ ಗೋಡೆಯ ಒಂದು ಐಸ್ ಬಾಕ್ಸ್ ತೆಗೆದುಕೊಳ್ಳಿ. ಒಂದು ಕೆಜಿ ಐಸ್ ಕರಗುವಾಗ ನಾಲ್ಕು ಲೀಟರ್ ನೀರನ್ನು 20 ಡಿಗ್ರಿ ಇಳಿಸುವಷ್ಟು ಬಿಸಿ ಹೀರುತ್ತದೆ. ಬಾಟಲಿಗಳನ್ನು ರಾತ್ರಿಯೇ ಮನೆಯ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಮೂರು ನಾಲ್ಕು ಕೆಜಿ ಐಸ್ ಜೊತೆ ಡಿಕ್ಕಿಯಲ್ಲಿಡಿ, ಮೇಲೆ ಹಳೆಯ ಕಂಬಳಿ ಹೊದಿಸಿ. ಕಾರು ನಿಂತರೂ ಓಡಿದರೂ ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಐಸ್ ಕಾರ್ಖಾನೆಯ ಐಸ್ ಕುಡಿಯುವ ನೀರಿನದೇ ಆಗಿರಬೇಕೆಂದಿಲ್ಲ, ಹಾಗಾಗಿ ಅದನ್ನು ದಪ್ಪ ಕವರಿನಲ್ಲಿ ಕಟ್ಟಿಡಿ, ಕರಗಿದ ನೀರು ಬಾಟಲಿಯ ಮುಚ್ಚಳಕ್ಕೆ ತಾಗಬಾರದು. ಸಂಜೆ ಬಾಕ್ಸ್ ತೊಳೆದು, ಮುಚ್ಚಳ ತೆರೆದು ಒಣಗಲು ಬಿಡಿ.