ಡಾಂಬರು ಎಷ್ಟು ಇಂಚು ಎನ್ನುವ ಮೊದಲು ನೀರಿನ ದಾರಿ ನೋಡಿ
ಕಲ್ಯಾಣ ಮಂಟಪದ ಅಂಗಳಕ್ಕೆ 2 ಇಂಚು ಡಾಂಬರು ಸಾಕೇ, 3 ಇಂಚು ಹಾಕಿಸಬೇಕೇ ಎಂದು ಕೇಳಿದ್ದೀರಿ. ಗದಗ ಜಿಲ್ಲೆಯ ನಮ್ಮೂರಿನಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಮೂವರು ಗುತ್ತಿಗೆದಾರರ ಬಾಗಿಲು ತಟ್ಟಿದವನು ನಾನು. ಭದ್ರವಿರಲಿ ಎಂದು 3 ಇಂಚನ್ನೇ ಹಾಕಿಸಿದೆ. ಒಂದೇ ಮಳೆಗಾಲಕ್ಕೆ ಅಂಗಳ ಹಪ್ಪಳದಂತೆ ಉಬ್ಬಿತು.

ಕಾರಣ ಒಂದು ಕಿಂಡಿ. ಮಳೆನೀರು ಹೊರಹೋಗಲೆಂದು ಕಾಂಪೌಂಡಿನ ಮೂಲೆಯಲ್ಲಿ, ಗೋಡೆಯ ಬುಡಕ್ಕೆ, ಅಪ್ಪ ಬಿಡಿಸಿದ್ದ ಒಂದು ಅಡಿಯ ಕಿಂಡಿ. ಹಂದಿಗಳು ಅದರಲ್ಲಿ ನುಗ್ಗಿ ಎಂಜಲೆಲೆಗಳನ್ನು ಅಂಗಳದ ತುಂಬ ಎಳೆದಾಡುತ್ತಿದ್ದವು. ಹೊಸ ಡಾಂಬರಿನ ಮೇಲೆ ಆ ಗಲೀಜು ಬೇಡವೆಂದು ಎರಡು ಸೈಜುಗಲ್ಲು ಇರಿಸಿ ಸಿಮೆಂಟು ಮೆತ್ತಿಸಿದೆ. ಅರ್ಧ ಗಂಟೆಯ ಕೆಲಸ. ಒಂದು ಜಾಲರಿ ಹಾಕಿದ್ದರೆ ಸಾಕಿತ್ತು, ಹೊಳೆಯಲಿಲ್ಲ. ನಮ್ಮದು ಎರೆಮಣ್ಣು: ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅದರ ಮೇಲೆ ತೆಳುವಾಗಿ ಗರಸು ಹರಡಿಸಿದ್ದೆನಷ್ಟೆ. ಹಸ್ತ ಮಳೆಯ ನೀರು ಆ ಮೂಲೆಯಲ್ಲಿ ವಾರಗಟ್ಟಲೆ ನಿಂತು, ಡಾಂಬರಿನ ಅಂಚಿನಿಂದ ಒಳಗಿಳಿದು, ಗರಸನ್ನು ಕೆಸರು ಮಾಡಿತು. ತುಳಸಿ ಲಗ್ನದ ನಂತರದ ಮೊದಲ ಮದುವೆಗೆ ಬೀಗರ ಬಸ್ಸು ಬಂದು ಅಲ್ಲಿ ತಿರುಗಿತು ನೋಡಿ, ಹಿಂದಿನ ಗಾಲಿ ಹೂತೇ ಹೋಯಿತು. ಕಿತ್ತುಬಂದ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಮೇಲ್ಭಾಗ ಕಪ್ಪಗಿತ್ತು, ಕೆಳಗಿನ ಜಲ್ಲಿ ಮಾತ್ರ ಡಾಂಬರನ್ನೇ ಬಿಟ್ಟುಕೊಟ್ಟು, ತೊಳೆದಿಟ್ಟಂತೆ ಬೆಳ್ಳಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ, ಬೇಸರಿಸಬೇಡಿ. ಎರಡನೆಯ ಸಲ ಎಲ್ಲವನ್ನೂ ಕೀಳಿಸಿ 18 ಇಂಚು ಎರೆಮಣ್ಣು ತೆಗೆಸಿದೆ. 5 ಇಂಚಿನಂತೆ ಎರಡು ಪದರ ಗರಸು, 4 ಇಂಚಿನಂತೆ ಎರಡು ಪದರ ವೆಟ್ ಮಿಕ್ಸ್ (ನೀರು ಬೆರೆಸಿ ಕಲಸಿದ ಜಲ್ಲಿ ಮತ್ತು ಕಲ್ಲುಪುಡಿ), ಪ್ರತಿ ಪದರಕ್ಕೂ ಹದವಾದ ತೇವ ಮತ್ತು ರೋಲರ್. ಅದರ ಮೇಲೆ ಡಾಂಬರು ಎರಡೇ ಇಂಚು! ಮುಚ್ಚಿಸಿದ್ದ ಕಿಂಡಿಯನ್ನು ಮತ್ತೆ ತೆರೆಸಿ, ಅದರ ಕಡೆಗೆ ಪ್ರತಿ 50 ಅಡಿಗೆ 1 ಅಡಿ ಇಳಿಜಾರು. ಡಾಂಬರು ಹಾಕುವ ಮುಂಚೆ ಜಲ್ಲಿ ತುಂಬಿದ ಟಿಪ್ಪರನ್ನು ಅಂಗಳದಲ್ಲಿ ನಿಧಾನವಾಗಿ ಓಡಿಸಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗಾಲಿಯ ಕೆಳಗೆ ನೆಲ ತುಳುಕುತ್ತದೆಯೇ ನೋಡಿ. ತುಳುಕಿದಲ್ಲಿ ಅಗೆಸಿ, ಮತ್ತೆ ತುಂಬಿಸಿ. ಗುತ್ತಿಗೆದಾರ ಗೊಣಗುತ್ತಾನೆ, ಗೊಣಗಲಿ.

ಡಾಂಬರು-ಜಲ್ಲಿಯ ಬಿಸಿ ಮಿಶ್ರಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಹರಡಬೇಕು. ಆರಿದ ಮೇಲೆ ರೋಲರ್ ಓಡಿಸಿದರೆ ಬರೀ ಸದ್ದು. ಬಸ್ಸು ನಿಲ್ಲುವ ಜಾಗಕ್ಕೆ ಡಾಂಬರೇ ಬೇಡ, ಸೋರಿದ ಡೀಸೆಲ್ ಅದನ್ನು ಕರಗಿಸುತ್ತದೆ. ಅಲ್ಲಿ ಕಾಂಕ್ರೀಟು ಹಾಕಿಸಿ.

ಆ ಕಿಂಡಿಗೆ ಈಗ ಕಬ್ಬಿಣದ ಜಾಲರಿ ಇದೆ. ಮದುವೆಯ ಮರುದಿನ ಎಲೆ, ಕಾಗದದ ಲೋಟ ಅಡ್ಡ ಕುಳಿತಿರುತ್ತವೆ. ಆಳು ಇದ್ದರೂ ಕೋಲು ಹಿಡಿದು ನಾನೇ ತೆಗೆಯುತ್ತೇನೆ.