ಮಾಡದ ತಪ್ಪಿಗೆ ಬಂದ ಚಲನ್

ಪ್ರಶ್ನೆ: ಸರ್, ನನ್ನ ಬೈಕು ಕೆಎ 38, ಬೀದರಿನದ್ದು. ಹೋದ ತಿಂಗಳು ಮೊಬೈಲಿಗೆ ಚಲನ್ ಬಂತು, ಕಲಬುರಗಿಯಲ್ಲಿ ಹೆಲ್ಮೆಟ್ ಹಾಕಿಲ್ಲ, 500 ರೂಪಾಯಿ ಕಟ್ಟಿ ಅಂತ. ಆ ದಿನ ಗಾಡಿ ನಮ್ಮ ಮನೆ ಮುಂದೆಯೇ ನಿಂತಿತ್ತು. ಗೆಳೆಯರು ಮೊದಲು ಕಟ್ಟಿಬಿಡು, ಆಮೇಲೆ ಕೇಳು ಅಂತಾರೆ. ಅಮೆರಿಕದಲ್ಲಿರುವ ನಮ್ಮ ಮಾವನ ಮಗ ಅಲ್ಲಿ ಸಂವಿಧಾನದ 'ಡ್ಯೂ ಪ್ರಾಸೆಸ್' ಹಕ್ಕು, ಅಂದರೆ ನ್ಯಾಯವಾದ ವಿಚಾರಣೆ ಇಲ್ಲದೆ ಶಿಕ್ಷಿಸಬಾರದು ಅನ್ನುವ ಹಕ್ಕು ಇದೆ ಅಂತಾನೆ. ನಮಗೆ ಅದು ಇಲ್ವಾ?
– ಓದುಗರೊಬ್ಬರು, ಬೀದರ್

ಉತ್ತರ: ಕಟ್ಟಬೇಡಿ. ಚಲನ್ ಅನ್ನುವುದು ಬರೀ ಆರೋಪ, ತೀರ್ಪಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ನೀವು ಕಟ್ಟುವ ಆ 500 ರೂಪಾಯಿ ಒಂದು ಥರ ರಾಜಿ ದುಡ್ಡು, ಕಟ್ಟಿದ ಮೇಲೆ ಕೇಸು ಅಲ್ಲಿಗೇ ಮುಗೀತು, ಆಮೇಲೆ ಕೇಳಲು ಏನೂ ಉಳಿದಿರುವುದಿಲ್ಲ.

ಇನ್ನು ನಿಮ್ಮ ಮಾವನ ಮಗ ಹೇಳಿದ ಮಾತು. ಆ ಪದ ನಮ್ಮ ಸಂವಿಧಾನದಲ್ಲಿ ಇಲ್ಲ ನಿಜ. ಕರಡು ಬರೆಯುವ ಕಾಲದಲ್ಲಿ ಸಂವಿಧಾನ ಸಭೆಯ ಸಲಹೆಗಾರ, ನಮ್ಮ ಕರಾವಳಿ ಮೂಲದ ಬಿ.ಎನ್. ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿ ಬಂದರು, ಅವರು ಆ ಪದ ಬೇಡ ಅಂದರು, ಕೊನೆಗೆ ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿಯಲ್ಲಿ 'ಕಾನೂನು ಹೇಳಿದ ಕ್ರಮ' ಅಂತಷ್ಟೇ ಉಳಿಯಿತು. ಆದರೆ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಕ್ರಮ ನ್ಯಾಯವಾಗಿಯೂ ಇರಬೇಕು ಅಂದಿತು. ಬಾಗಿಲಲ್ಲಿ ಬಿಡದೇ ಇದ್ದದ್ದು ಕಿಟಕಿಯಿಂದ ಒಳಗೆ ಬಂತು ಅನ್ನಿ. ನಿಮ್ಮ ಮಾತು ಕೇಳದೆ ನಿಮ್ಮನ್ನು ತಪ್ಪಿತಸ್ಥ ಅನ್ನುವಂತಿಲ್ಲ, ಅಷ್ಟೇ ಬೇಕಾಗಿರೋದು.

ಈಗ ಕೆಲಸಕ್ಕೆ ಬನ್ನಿ. ಚಲನ್ ಜೊತೆಗಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಯಾದಗಿರಿ ಗಾಡಿಗಳು ಕೆಎ 33, ನಿಮ್ಮದು 38. ಪ್ಲೇಟಿನ ಮೇಲೆ ಒಂದಿಷ್ಟು ಕೆಸರು ಬಿದ್ದರೆ ಸಾಕು, 3 ಹೋಗಿ 8 ಆಗುತ್ತೆ! ಗಾಡಿ ಯಾವ ಕಂಪನಿಯದು, ಬಣ್ಣ ಯಾವುದು, ಓಡಿಸುತ್ತಿರುವವರು ಯಾರು, ಎಲ್ಲಾ ನೋಡಿ. ಬೇರೆ ಗಾಡಿ ಅಂತ ಕಂಡರೆ ಆರ್‌ಸಿ, ನಿಮ್ಮ ಬೈಕಿನ ಫೋಟೋ, ಆ ದಿನ ಬೀದರಿನಲ್ಲೇ ಇದ್ದದ್ದಕ್ಕೆ ಸಿಗುವ ಪುರಾವೆ (ಪಕ್ಕದ ಅಂಗಡಿಯ ಸಿಸಿಟಿವಿ ಆದರೆ ಬೇಗ ಕೇಳಿ, ಹಳೆಯದು ಅಳಿಸಿಹೋಗುತ್ತೆ) ಇಟ್ಟು ಚಲನ್ ಹಾಕಿದ ಪೊಲೀಸರಿಗೆ ಲಿಖಿತ ಆಕ್ಷೇಪಣೆ ಕೊಡಿ. ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣದಲ್ಲೂ ದೂರು ಹಾಕಬಹುದು. ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಗಾಡಿ ನಿಮ್ಮದರ ಥರವೇ ಇದ್ದು ನಂಬರೂ ನಿಮ್ಮದೇ ಆಗಿದ್ದರೆ, ಯಾರೋ ಪ್ಲೇಟು ನಕಲು ಮಾಡಿದ್ದಾರೆ ಅಂತ. ಆಗ ಬೀದರಿನಲ್ಲೇ ಪೊಲೀಸ್ ದೂರು ಕೊಡಿ, ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಹುಡುಕಿಕೊಂಡು ಬರೋದು ನಿಮ್ಮ ಮನೆಗೇ.

ಅಷ್ಟಕ್ಕೂ ಬಗ್ಗದಿದ್ದರೆ ಕೋರ್ಟು. ಮ್ಯಾಜಿಸ್ಟ್ರೇಟ್ 'ತಪ್ಪು ಒಪ್ಪಿಕೊಳ್ತೀರಾ' ಅಂತ ಕೇಳುತ್ತಾರೆ. ಇಲ್ಲ ಅನ್ನಿ. ಆಮೇಲೆ ಸಾಬೀತು ಮಾಡುವ ಹೊಣೆ ಸರ್ಕಾರದ ಕಡೆಯದು. ಕ್ಯಾಮೆರಾ ಫೋಟೋವನ್ನು ಸುಮ್ನೆ ತೋರಿಸಿದರೆ ಸಾಲದು, ಸಾಕ್ಷ್ಯ ಕಾನೂನು ಕೇಳುವ ಪ್ರಮಾಣಪತ್ರವೂ ಜೊತೆಗಿರಬೇಕು.

ಆದರೆ ಒಂದು ಮಾತು. ಸೋತರೆ 500ರಲ್ಲಿ ಮುಗಿಯದು, 194ಡಿ ಕಲಂ ಪ್ರಕಾರ 1,000 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಫೋಟೋದಲ್ಲಿ ಇರೋದು ನಿಮ್ಮ ಬೈಕೇ, ನಿಮ್ಮ ತಮ್ಮ ಎಲ್ಲೋ ತೆಗೆದುಕೊಂಡು ಹೋಗಿದ್ದ ಅಂತ ಗೊತ್ತಾದರೆ ಸಂವಿಧಾನ ಬಿಡಿ, ಅವನ ಹತ್ತಿರ 500 ವಸೂಲಿ ಮಾಡಿ ಕಟ್ಟಿಬಿಡಿ.

ವಕೀಲರ ಫೀಸು ಚಲನ್‌ಗಿಂತ ಜಾಸ್ತಿ ಆಗುತ್ತೆ ಅಂತ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಇದೆ, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ. ಸಹಾಯವಾಣಿ 15100.