ಹಳೆ ಮನೆಗೆ ಹೊಸ ವೈರಿಂಗ್: ಲೈಸೆನ್ಸ್ ಇರೋ ಕಾಂಟ್ರಾಕ್ಟರೇ ಬೇಕಾ?

ಹಾಸನದಲ್ಲಿ 30 ವರ್ಷ ಹಳೆಯ ಮನೆ ಕೊಂಡಿದ್ದೀರಿ. ಅಡುಗೆಮನೆ, ಬಚ್ಚಲು ಹೊಸದು ಮಾಡಿಸಿ ಗೀಸರ್, ಎಸಿ, ಇಂಡಕ್ಷನ್ ಒಲೆ ಹಾಕಿಸಬೇಕು ಅಂದಿದ್ದೀರಿ. ಬೀದಿಯಲ್ಲೇ ಇರುವ ಪರಿಚಯದ ಹುಡುಗ ಕಡಿಮೆ ದುಡ್ಡಿಗೆ ವೈರಿಂಗ್ ಮಾಡಿಕೊಡುತ್ತಾನೆ, ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಒಂದೂವರೆ ಪಟ್ಟು ಕೇಳುತ್ತಿದ್ದಾರೆ, ಅಷ್ಟು ಕೊಡಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ಕೊಡಿ. ಆದರೆ ಒಪ್ಪಿಕೊಳ್ಳುವ ಮುಂಚೆ ಒಂದು ಮಾತು ಕೇಳಿಬಿಡಿ: ಕೆಲಸ ಮುಗಿದ ದಿನ ಮೀಟರ್ ಹಿಡಿದು ಟೆಸ್ಟ್ ಮಾಡೋಕೆ ಯಾರು ಬರುತ್ತಾರೆ? ಲೈಸೆನ್ಸಿನಲ್ಲಿ ಯಾರ ಹೆಸರಿದೆಯೋ ಅವರೇ ಬರುತ್ತಾರಾ? ಈ ಪ್ರಶ್ನೆ ಯಾಕೆ ಮುಖ್ಯ ಅಂತ ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ.

ನಮ್ಮದು ಮೈಸೂರು. ಮಾವ 1984ರಲ್ಲಿ ಕಟ್ಟಿಸಿದ ಮನೆ. ಆಗಿನ ಅಲ್ಯೂಮಿನಿಯಂ ವೈರು, ಪಿಂಗಾಣಿ ಫ್ಯೂಸು. ಏಳು ವರ್ಷದ ಹಿಂದೆ ಬಚ್ಚಲು ಹೊಸದು ಮಾಡಿಸಿದೆವು. ಟೈಲ್ಸ್ ಹಾಕಲು ಬಂದ ಮೇಸ್ತ್ರಿಯೇ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆತಂದರು. ಕೈ ಚುರುಕು, ಮಾತು ಮೃದು. ಗೋಡೆ ಕೊರೆದು, ಪೈಪ್ ಹಾಕಿ, ವೈರ್ ಎಳೆದು ಮೂರೇ ದಿನದಲ್ಲಿ ಮುಗಿಸಿದ. ಸ್ವಿಚ್ ಬೋರ್ಡುಗಳೆಲ್ಲ ಗೆರೆ ಎಳೆದ ಹಾಗೆ ನೇರವಾಗಿದ್ದವು. ನಮಗೆ ತುಂಬಾ ಖುಷಿಯಾಯಿತು.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಹಿತ್ತಾಳೆ ಚೊಂಬನ್ನು ನಲ್ಲಿಗೆ ಹಿಡಿದಿದ್ದಾರೆ. ಕೈ ಝುಂ ಅಂದಿದೆ, ಚೊಂಬು ಕೈ ಜಾರಿ ಗೋಡೆಗೆ ಬಡಿದಿದೆ. ನಾನು ಓಡಿ ಹೋದಾಗ ಅವರು ಬಾಗಿಲ ಚೌಕಟ್ಟು ಹಿಡಿದು ನಡುಗುತ್ತಾ ನಿಂತಿದ್ದರು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅವರಿಗೆ ಆಗ 71 ವರ್ಷ.

ಅವತ್ತು ಮಧ್ಯಾಹ್ನ ಬಂದವರು ಲೈಸೆನ್ಸ್ ಇರುವ ಹಿರಿಯ ಕಾಂಟ್ರಾಕ್ಟರ್. ಮೇನ್ ಆಫ್ ಮಾಡಿ ಗೀಸರಿನ ಸಾಕೆಟ್ ಬಿಚ್ಚಿದರು. "ಇಲ್ಲಿ ನೋಡಿ ಅಮ್ಮಾ" ಅಂತ ಟಾರ್ಚ್ ಬಿಟ್ಟು ತೋರಿಸಿದರು. ಸಾಕೆಟ್ ಹಿಂದೆ ಎರಡಿಂಚಿನ ಕಪ್ಪು ವೈರಿನ ತುಂಡು. ಒಂದು ತುದಿ ನ್ಯೂಟ್ರಲ್ಲಿಗೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿಗೆ, ಇನ್ನೊಂದು ತುದಿ ಅರ್ಥ್ ಪಿನ್ನಿಗೆ. ನಿಜವಾದ ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಹಸಿರು ವೈರು, ಆ ಡಬ್ಬಿಯವರೆಗೆ ಬಂದೇ ಇರಲಿಲ್ಲ.

ಹೀಗೆ ಲೂಪ್ ಮಾಡಿದರೆ ಟೆಸ್ಟ್ ಬಲ್ಬ್ ಹಚ್ಚಿ ನೋಡಿದಾಗ ಅರ್ಥ್ ಇದೆ ಅನ್ನೋ ಹಾಗೆ ಬಲ್ಬ್ ಉರಿಯುತ್ತದೆ. ಗೀಸರ್ ಕೂಡ ಸರಿಯಾಗೇ ಕೆಲಸ ಮಾಡುತ್ತದೆ. ಆದರೆ ನ್ಯೂಟ್ರಲ್ ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಬಿಟ್ಟುಕೊಂಡರೆ, ಗೀಸರಿನೊಳಗೆ ಹೋದ ಕರೆಂಟಿಗೆ ವಾಪಸ್ ಹೋಗಲು ದಾರಿಯೇ ಇರುವುದಿಲ್ಲ. ಆ ತುಂಡು ವೈರಿನ ಮೂಲಕ ಗೀಸರಿನ ಲೋಹದ ಮೈಗೆ ಬಂದು ಕೂರುತ್ತದೆ. ಅಲ್ಲಿಂದ ಪೈಪು, ನಲ್ಲಿ, ಚೊಂಬು. ನಮ್ಮ ಮನೆಯಲ್ಲಿ ಆಗಿದ್ದು ಅದೇ. ಮೇಲಿನ ಜಂಕ್ಷನ್ ಬಾಕ್ಸಿನಲ್ಲಿ ಹಳೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ಆ ಹುಡುಗ ಸುಮ್ನೆ ತಿರುಚಿ ಟೇಪ್ ಸುತ್ತಿದ್ದ. ಈ ಎರಡು ಲೋಹ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರವೂ ಕೂರುತ್ತದೆ. ಹಾಗಾಗಿ ಜಾಯಿಂಟ್ ದಿನ ಕಳೆದ ಹಾಗೆ ಸಡಿಲವಾಗಿ ಬಿಸಿಯಾಗುತ್ತದೆ. ಟೇಪ್ ಕರಗಿ ಕಪ್ಪಗಾಗಿತ್ತು, ಮುಟ್ಟಿದರೆ ಉದುರುತ್ತಿತ್ತು.

ಆ ಹುಡುಗನಿಗೆ ಕೆಟ್ಟ ಮನಸ್ಸಿತ್ತು ಅಂತ ನನಗೆ ಇವತ್ತಿಗೂ ಅನಿಸೋದಿಲ್ಲ. ಅವನಿಗೆ ಯಾರೋ ಹಾಗೆ ಕಲಿಸಿದ್ದರು. ಅವನ ಕೆಲಸವನ್ನು ನೋಡಿ "ಇದು ತಪ್ಪು, ಬಿಚ್ಚು" ಅನ್ನುವವರು ಯಾರೂ ಇರಲಿಲ್ಲ. ಲೈಸೆನ್ಸಿಗೆ ನಾವು ಕೊಡುವ ದುಡ್ಡು ಆ ಎರಡನೇ ಜೊತೆ ಕಣ್ಣಿಗೆ.

ಇದು ಕಾನೂನಿನಲ್ಲೂ ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಇದೆ, ಆಮೇಲೆ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೂ ಮುಂದುವರಿದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸ ಯಾರು ಬೇಕಾದರೂ ಮಾಡಬಹುದು. ಹೊಸ ಲೈನ್ ಎಳೆಯುವುದು, ಇರುವುದನ್ನು ಮಾರ್ಪಾಡು ಮಾಡುವುದು ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಮೂಲಕವೇ ಆಗಬೇಕು. ಅದರ ಉಸ್ತುವಾರಿಗೆ ಸೂಪರ್‌ವೈಸರ್ ಸರ್ಟಿಫಿಕೇಟ್ ಇರುವವರು ಇರಬೇಕು, ವೈರ್ ಎಳೆಯುವವರಿಗೆ ವೈರ್‌ಮನ್ ಪರ್ಮಿಟ್ ಇರಬೇಕು. ನಮ್ಮ ರಾಜ್ಯದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕರೆಂಟ್ ಸರಬರಾಜು ಮಾಡುವ ಕಂಪನಿಗಳಾದ ಸೆಸ್ಕ್, ಬೆಸ್ಕಾಂನವರು ಕೊಡುತ್ತಾರೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ ಇನ್ನೊಂದು 2, ಒಂದೂವರೆ ಟನ್ ಎಸಿ ಹತ್ತಿರ ಹತ್ತಿರ ಒಂದೂವರೆ. ಇಷ್ಟಕ್ಕೇ ಐದೂವರೆ ಆಯಿತು. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೆ ಮನೆಗಳಲ್ಲಿ ಒಂದೋ ಎರಡೋ ಇರುತ್ತದೆ ಅಷ್ಟೇ. ಲೋಡ್ ಹೆಚ್ಚಿಸಲು ಸೆಸ್ಕ್‌ಗೆ ಅರ್ಜಿ ಹಾಕುವಾಗ ಹೇಗೂ ಲೈಸೆನ್ಸ್ ಇರುವವರ ಸಹಿ ಬೇಕು.

ಇಲ್ಲೇ ಎಚ್ಚರ ಬೇಕಿರುವುದು. ಕೆಲವು ಕಡೆ ಬರೀ ಸಹಿಗೆ ಇಷ್ಟು ಅಂತ ರೇಟ್ ಇರುತ್ತದೆ. ಕೆಲಸ ಮಾಡಿದವರು ಯಾರೋ, ಸಹಿ ಹಾಕಿದವರು ಯಾರೋ. ಸಹಿ ಹಾಕಿದವರು ಮನೆಯ ಹೊಸ್ತಿಲನ್ನೂ ತುಳಿದಿರುವುದಿಲ್ಲ. ಇಂಥ ಲೈಸೆನ್ಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದಕ್ಕೇ ಟೆಸ್ಟ್ ಮಾಡಲು ಯಾರು ಬರುತ್ತಾರೆ ಅಂತ ಮೊದಲೇ ಕೇಳಿ ಅಂದೆ. ಲೈಸೆನ್ಸಿನ ಕಾಪಿ ಕೇಳಿ ಪಡೆಯಿರಿ. ನಂಬರ್, ಹೆಸರು, ಯಾವ ತಾರೀಕಿನವರೆಗೆ ಚಾಲ್ತಿಯಲ್ಲಿದೆ ಅನ್ನೋದನ್ನ ಓದಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರನ್ನು ಅಲ್ಲಿಗೇ ಬಿಟ್ಟುಬಿಡಿ. ನಮಗೆ ಸಿಕ್ಕ ಹಿರಿಯರು ತಾವಾಗಿಯೇ ಕಾಪಿ ಕೊಟ್ಟರು. ಎಸ್ಟಿಮೇಟ್ ಬರೆಯುವ ಮುಂಚೆ ಮನೆಯ ಒಂದೊಂದು ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದರು. "ಮುಂದಕ್ಕೆ ಏನೇನು ತಗೋಬೇಕು ಅಂತಿದ್ದೀರಿ?" ಅಂತ ಕೇಳಿ ಬರೆದುಕೊಂಡರು. ಬರೀ ಫೋನಿನಲ್ಲಿ "ಪಾಯಿಂಟಿಗೆ ಇಷ್ಟು" ಅಂತ ಹೇಳುವವರಿಗೂ ಹೀಗೆ ನೋಡುವವರಿಗೂ ಇರುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಎಸ್ಟಿಮೇಟ್ ಬರಹದಲ್ಲಿರಲಿ. ಯಾವ ಕಂಪನಿಯ ವೈರು, ಯಾವ ಲೈನಿಗೆ ಎಷ್ಟು ಗಾತ್ರ ಅನ್ನೋದು ಅದರಲ್ಲಿ ಬರಬೇಕು. ನಮ್ಮ ಮನೆಯಲ್ಲಿ ದೀಪ, ಫ್ಯಾನಿಗೆ ಒಂದೂವರೆ ಸ್ಕ್ವೇರ್ ಎಂಎಂ, 16 ಆಂಪ್ ಸಾಕೆಟ್ಟಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ ನಾಲ್ಕು ಎಳೆದರು, ಎಲ್ಲ ತಾಮ್ರದ್ದೇ. ವೈರಿನ ಕಾಯಿಲ್ ಬಂದಾಗ ಐಎಸ್‌ಐ ಗುರುತು ನೋಡಿ. ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಆ ನಂಬರ್ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಡಿಬಿಯಲ್ಲಿ, ಅಂದರೆ ಎಲ್ಲ ಲೈನುಗಳ ಸ್ವಿಚ್ ಇರುವ ಡಬ್ಬಿಯಲ್ಲಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ತಾನಾಗೇ ಕಡಿಯುವ ಸ್ವಿಚ್) ಇರಲೇಬೇಕು, ಇದನ್ನು ಬಿಟ್ಟುಕೊಡಬೇಡಿ. ಅವತ್ತು ನಮ್ಮ ಮನೆಯಲ್ಲಿ ಅದೊಂದು ಇದ್ದಿದ್ದರೆ ಅತ್ತೆಯ ಕೈಗೆ ಜೋರಾಗಿ ಕರೆಂಟ್ ತಗುಲಿದರೂ ಲೈನ್ ತಕ್ಷಣ ಟ್ರಿಪ್ ಆಗುವ ಸಾಧ್ಯತೆ ಇತ್ತು. ಮುಂದೆ ಯಾವತ್ತಾದರೂ ಅದು ಪದೇಪದೇ ಟ್ರಿಪ್ ಆಗುತ್ತೆ ಅಂತ ಯಾರಾದರೂ "ಬೈಪಾಸ್ ಮಾಡಿಕೊಡ್ತೀನಿ" ಅಂದರೆ ಒಪ್ಪಬೇಡಿ. ಎಲ್ಲೋ ಕರೆಂಟ್ ಲೀಕೇಜ್ ಇದೆ ಅಂತ ಅದು ಹೇಳುತ್ತಿರುತ್ತದೆ.

ಗೋಡೆ ಕೊರೆದು ಪೈಪ್ ಕೂರಿಸಿದ ಮೇಲೆ, ಪ್ಲಾಸ್ಟರ್ ಮಾಡುವ ಮುಂಚೆ, ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ದುಡ್ಡನ್ನು ಕೆಲಸ ನಡೆದ ಹಾಗೆ ಕೊಡಿ, ಬ್ಯಾಂಕಿನ ಮೂಲಕವೋ ಯುಪಿಐನಲ್ಲೋ ಕೊಡಿ. ಕೊನೆಯ ಕಂತನ್ನು ಟೆಸ್ಟ್ ಆಗುವವರೆಗೆ ಇಟ್ಟುಕೊಳ್ಳಿ. ಟೆಸ್ಟ್ ಅಂದರೆ ಸ್ವಿಚ್ ಹಾಕಿ ಲೈಟ್ ಉರಿಸಿ ತೋರಿಸೋದಲ್ಲ. ಮೆಗ್ಗರ್ ಅನ್ನೋ ಮೀಟರಿನಲ್ಲಿ 500 ವೋಲ್ಟ್ ಹಾಯಿಸಿ ಇನ್ಸುಲೇಶನ್, ಅಂದರೆ ವೈರಿನ ಹೊದಿಕೆ ಕರೆಂಟನ್ನು ಸೋರದಂತೆ ತಡೆಯುತ್ತಾ ಅಂತ ನೋಡಬೇಕು, ಕನಿಷ್ಠ 1 ಮೆಗಾಓಮ್ ತೋರಿಸಬೇಕು. ನಮ್ಮ ಹಳೆಯ ಅಡುಗೆಮನೆ ಲೈನ್ 0.2 ತೋರಿಸಿತ್ತು. ಅರ್ಥ್ ಗುಂಡಿಯ ರೆಸಿಸ್ಟೆನ್ಸ್ ಕೂಡ ಅಳೆದು ಬರೆದುಕೊಡಲಿ. ನೀವು ಪಕ್ಕದಲ್ಲೇ ನಿಂತು ನೋಡಿ, ಪ್ರಶ್ನೆ ಕೇಳಿ.

ಬಿಲ್ ಇಸ್ಕೊಳ್ಳೋದನ್ನು ಮರೀಬೇಡಿ. ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಆ ಹುಡುಗನಿಗೆ ನಾವು ಕೈಯಲ್ಲಿ ದುಡ್ಡು ಕೊಟ್ಟಿದ್ದೆವು, ಒಂದು ಚೀಟಿಯೂ ಇರಲಿಲ್ಲ.

ಗಾರೆ, ಟೈಲ್ಸ್, ಪೇಂಟಿಂಗಿಗೆ ಇಂಥ ಸರ್ಕಾರಿ ಲೈಸೆನ್ಸ್ ಹುಡುಕಬೇಡಿ. ಬೋರ್ಡಿನಲ್ಲಿ ಪಿಡಬ್ಲ್ಯುಡಿ ಕ್ಲಾಸ್ ಒನ್ ಅಂತ ಇದ್ದರೆ ಅದು ಸರ್ಕಾರದ ಟೆಂಡರ್ ಹಿಡಿಯಲು ಇರುವ ನೋಂದಣಿ. ಅಂಥವರು ಮುಂಚೆ ಮಾಡಿದ ಎರಡು ಮನೆಗೆ ಹೋಗಿ ಬಚ್ಚಲ ಇಳಿಜಾರು, ಟೈಲ್ಸ್ ಮೂಲೆ ನೋಡಿ ಬನ್ನಿ. ಗೋಡೆ ಒಡೆಯುವುದಿದ್ದರೆ ಮಾತ್ರ ಮೊದಲು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ.

ನಿಮ್ಮ ಬೀದಿಯ ಹುಡುಗನನ್ನು ಪೂರ್ತಿ ಬಿಡಬೇಕಾಗಿಲ್ಲ. ಅವನಿಗೆ ವೈರ್‌ಮನ್ ಪರ್ಮಿಟ್ ಇದೆಯಾ ಕೇಳಿ. ಇದ್ದರೆ ಕಾಂಟ್ರಾಕ್ಟರ್ ಹತ್ತಿರ "ಇವನನ್ನೂ ಸೇರಿಸಿಕೊಳ್ಳಿ, ಉಸ್ತುವಾರಿ, ಟೆಸ್ಟು ನಿಮ್ಮದೇ" ಅಂತ ಮಾತಾಡಿ ನೋಡಿ. ಅವನಿಗೂ ಕೆಲಸ ಸಿಗುತ್ತದೆ, ನಿಮಗೂ ಕರೆದಾಗ ಬರುವವರು ಒಬ್ಬರು ಇರುತ್ತಾರೆ. ಎಸ್ಟಿಮೇಟ್ ಕೈಗೆ ಬಂದ ಮೇಲೆ ಹೆಸರು, ನಂಬರ್ ಮುಚ್ಚಿ ಇಲ್ಲಿ ಹಾಕಿ. ಯಾವ ಲೈನಿಗೆ ಯಾವ ವೈರು ಬರೆದಿದ್ದಾರೆ ಅಂತ ನಾನು ನೋಡಿ ಹೇಳುತ್ತೇನೆ.